ಗಾಜಿನ ಲೋಟದಲ್ಲಿ ಮೇಣದಬತ್ತಿ: ಮನೆಯಲ್ಲಿ ಮಾಡಿದವರು ಸ್ವಲ್ಪ ಹೇಳಿ

ಥಾಣೆಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಈ ದೀಪಾವಳಿಗೆ ನಮ್ಮ ಬಿಲ್ಡಿಂಗಿನ 20 ಮನೆಗಳಿಗೆ ಚಕ್ಕುಲಿ, ಲಾಡು ಜೊತೆ ಒಂದೊಂದು ಗಾಜಿನ ಲೋಟದ ಮೇಣದಬತ್ತಿ ಕೊಡೋಣ ಅಂತ ಆಸೆ. ಒಳಗೆ ಒಣಗಿದ ಗುಲಾಬಿ ಎಸಳು, ಚಿಪ್ಪು ಎಲ್ಲ ಕಾಣಬೇಕು. ಮೊನ್ನೆ ಎರಡು ಮಾಡಿ ನೋಡಿದೆ. ಒಂದರಲ್ಲಿ ಬತ್ತಿಯ ಸುತ್ತ ಬಾವಿ ತೋಡಿದ ಹಾಗೆ ಗುಂಡಿ ಬಿತ್ತು, ಬತ್ತಿ ಅದರಲ್ಲೇ ಮುಳುಗಿ ಆರಿತು. ಇನ್ನೊಂದು ಚಹಾದ ಲೋಟ. ಮೇಣ ಸುರಿಯುತ್ತಿದ್ದ ಹಾಗೇ ಟಪ್ ಅಂತ ಸೀಳಿತು. ಬಣ್ಣಕ್ಕೆ ಮಗಳ ಕ್ರೇಯಾನ್ ಕರಗಿಸಿ ಹಾಕಿದ್ದೆ. ಎಲ್ಲಿ ತಪ್ಪಿದೆ? ಸಾಮಾನು ಎಲ್ಲಿ ತರುತ್ತೀರಿ?

ಮುಲುಂಡಿನಿಂದ

ನಾನು ನಾಲ್ಕು ವರ್ಷದಿಂದ ಮಾಡುತ್ತಿದ್ದೇನೆ. ಮೊದಲ ವರ್ಷ ಮಾಡಿದ್ದರಲ್ಲಿ ಅರ್ಧ ಕಸಕ್ಕೇ ಹೋಯಿತು, ಹಾಗಾಗಿ ಬೇಜಾರು ಮಾಡಿಕೊಳ್ಳಬೇಡಿ.

ಗುಂಡಿ ಬಿದ್ದದ್ದು ಮೇಣದ ತಪ್ಪಲ್ಲ, ಬತ್ತಿಯದು. ಲೋಟದ ಬಾಯಿ ಅಗಲ, ಬತ್ತಿ ಸಣ್ಣ. ಅದರ ಬಿಸಿ ಅಂಚಿನ ತನಕ ಮುಟ್ಟುವುದಿಲ್ಲ, ನಡುವೆ ಮಾತ್ರ ಕೊರೆದುಕೊಂಡು ಕೆಳಗೆ ಇಳಿಯುತ್ತದೆ. ಮೊದಲು ಸ್ಕೇಲ್ ಹಿಡಿದು ಲೋಟದ ಒಳ ಅಗಲ ಅಳೆಯಿರಿ. ಬತ್ತಿ ಕೊಳ್ಳುವಾಗ ಆ ಅಳತೆ ಹೇಳಿಯೇ ಕೇಳಿ. 8 ಸೆಂಟಿಮೀಟರಿಗಿಂತ ಅಗಲ ಇದ್ದರೆ ನಾನು ಎರಡು ಬತ್ತಿ ಇಡುತ್ತೇನೆ. ದೇವರ ದೀಪದ ಹೂಬತ್ತಿ ಹಾಕಲು ಹೋಗಬೇಡಿ, ನಾನು ಹಾಕಿ ನೋಡಿದ್ದೇನೆ! ಹೆಣೆದ ಹತ್ತಿ ದಾರಕ್ಕೆ ಮೇಣ ಹಿಡಿಸಿ, ತಳಕ್ಕೆ ತಗಡಿನ ಬಿಲ್ಲೆ ಸಿಕ್ಕಿಸಿದ್ದು ಸಿಗುತ್ತದೆ, ಅದೇ ಬೇಕು.

ಕ್ರೇಯಾನ್ ಕೂಡ ಕಾರಣ ಇರಬಹುದು. ಅದರ ಬಣ್ಣದ ಪುಡಿ ಬತ್ತಿಯಲ್ಲಿ ಕಟ್ಟಿಕೊಂಡು ಮೇಣ ಮೇಲೆ ಏರದ ಹಾಗೆ ಮಾಡುತ್ತದೆ. ಕೇಕಿನ ಬಣ್ಣವೂ ಆಗದು, ಅದು ನೀರಿನ ಬಣ್ಣ, ಮೇಣಕ್ಕೆ ಸೇರುವುದೇ ಇಲ್ಲ. ಮೇಣಕ್ಕೆಂದೇ ಮಾರುವ ಬಣ್ಣ ತನ್ನಿ, ಚಿಟಿಕೆ ಸಾಕು.

ಇನ್ನು ಸೀಳಿದ ಲೋಟ. ಕಟಿಂಗ್ ಚಹಾದ ಲೋಟ ನೋಡಲು ಚೆಂದ, ನಿಜ. ಆದರೆ ತಣ್ಣಗಿನ ಗಾಜಿಗೆ ಒಮ್ಮೆಲೇ ಬಿಸಿ ಮೇಣ ಬಿದ್ದರೆ ಎಂಥ ಗಾಜೂ ನಂಬಿಕೆಗಲ್ಲ. ದಪ್ಪ ತಳದ, ಕೂದಲೆಳೆಯಷ್ಟೂ ಬಿರುಕಿಲ್ಲದ ಲೋಟ ಆರಿಸಿ. ಸುರಿಯುವ ಮೊದಲು ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ. ಒಳಗೆ ಒಂದು ಹನಿ ನೀರೂ ಇರಬಾರದು.

ನಾನು ಮಾಡುವ ಕ್ರಮ ಹೀಗೆ. ದೊಡ್ಡ ಪಾತ್ರೆಯಲ್ಲಿ ನೀರು, ಅದರೊಳಗೆ ಹಿಡಿ ಇರುವ ಸ್ಟೀಲ್ ಪಾತ್ರೆ, ಅದರಲ್ಲಿ ಮೇಣ. ಬತ್ತಿಯ ಬಿಲ್ಲೆಗೆ ಒಂದು ತೊಟ್ಟು ಮೇಣ ಹಚ್ಚಿ ತಳದ ನಡುವೆ ಅಂಟಿಸುತ್ತೇನೆ. ಮೇಲೆ ಬಟ್ಟೆ ಕ್ಲಿಪ್ಪಿಗೆ ಸಿಕ್ಕಿಸಿ ಲೋಟದ ಬಾಯಿಗೆ ಅಡ್ಡ ಇಟ್ಟರೆ ಬತ್ತಿ ನೆಟ್ಟಗೆ ನಿಲ್ಲುತ್ತದೆ. ಸೋಯಾ ಮೇಣವಾದರೆ (ಸೋಯಾಬೀನ್ ಎಣ್ಣೆಯಿಂದ ಮಾಡಿದ್ದು) 65-70 ಡಿಗ್ರಿಯಲ್ಲಿ ಪರಿಮಳದ ಎಣ್ಣೆ ಹಾಕಿ ಎರಡು ನಿಮಿಷ ನಿಧಾನವಾಗಿ ಕಲಸಿ, 55-60ಕ್ಕೆ ಇಳಿದ ಮೇಲೆ ಸುರಿಯುತ್ತೇನೆ. ಪ್ಯಾಕೆಟ್ ಮೇಲೆ ಬೇರೆ ಲೆಕ್ಕ ಇದ್ದರೆ ಅದನ್ನೇ ನಂಬಿ. ಥರ್ಮಾಮೀಟರ್ ಇಲ್ಲದೆ ಅಂದಾಜಿನ ಮೇಲೆ ಮಾಡಬೇಡಿ. 100 ಗ್ರಾಂ ಮೇಣಕ್ಕೆ 6 ಗ್ರಾಂ ಎಣ್ಣೆ. ಜಾಸ್ತಿ ಹಾಕಿದರೆ ಜಾಸ್ತಿ ಘಮ ಅನ್ನುವುದು ಸುಳ್ಳು, ಎಣ್ಣೆ ಮೇಲೆ ಬೆವರಿನ ಹಾಗೆ ಜಿನುಗುತ್ತದೆ. ಬೇಗ ಗಟ್ಟಿಯಾಗಲಿ ಅಂತ ಫ್ರಿಜ್ಜಿನಲ್ಲೂ ಇಡಬೇಡಿ.

ಮೇಣ ಎಷ್ಟು ಬೇಕು ಅಂತ ತಿಳಿಯಲು, ಲೋಟಕ್ಕೆ ಬೇಕಾದ ಮಟ್ಟದವರೆಗೆ ನೀರು ಹಾಕಿ ಅಳೆಯಿರಿ. 160 ಮಿಲಿ ಹಿಡಿದರೆ ಸುಮಾರು 145 ಗ್ರಾಂ ಮೇಣ. ಆ ಲೆಕ್ಕದಲ್ಲಿ 20 ಲೋಟಕ್ಕೆ ಮೂರು ಕಿಲೋ ಸಾಕು. ಆಮೇಲೆ ಲೋಟ ಚೆನ್ನಾಗಿ ಒರೆಸಿ.

ಮಾಟುಂಗದಿಂದ

ಎಲ್ಲರೂ ಅಂದದ ಮಾತೇ ಆಡುತ್ತೀರಿ ಮಾರಾಯ್ರೆ, ಬೆಂಕಿಯ ಮಾತೂ ಬರಲಿ. ಹೋದ ವರ್ಷ ನಾನು ನೀರಿನ ಪಾತ್ರೆ ಯಾಕೆ ಸುಮ್ನೆ ಅಂತ ಮೇಣದ ಪಾತ್ರೆಯನ್ನು ನೇರ ಗ್ಯಾಸ್ ಮೇಲೆ ಇಟ್ಟೆ. ಊರಿಂದ ಅಮ್ಮನ ಫೋನ್ ಬಂತು. ಮಾತು ಮುಗಿಸಿ ಬಂದರೆ ಅಡುಗೆಮನೆ ತುಂಬ ಹೊಗೆ, ಪಾತ್ರೆಯಲ್ಲಿ ಉರಿ. ಕೈ ನೀರಿನ ಬಿಂದಿಗೆ ಕಡೆಗೇ ಹೋಗಿತ್ತು! ಪುಣ್ಯಕ್ಕೆ ಹೆಂಡತಿ ಗ್ಯಾಸ್ ಆರಿಸಿ ಮುಚ್ಚಳ ಕವುಚಿದಳು. ಮೇಣ ಹತ್ತಿಕೊಂಡಾಗ ನೀರು ಹಾಕಲೇಬಾರದು. ನೀರು ಮೇಣದ ಕೆಳಗಿಳಿದು ಆವಿಯಾಗಿ, ಉರಿಯುವ ಮೇಣವನ್ನೇ ಮೇಲಕ್ಕೆ ಎರಚುತ್ತದೆ. ಪಕ್ಕದಲ್ಲಿ ಮುಚ್ಚಳ ಇಟ್ಟುಕೊಂಡೇ ಶುರು ಮಾಡಿ.

ಉಳಿದ ಮೇಣ ಸಿಂಕಿಗೂ ಸುರಿಯಬೇಡಿ. ಪೈಪಿನಲ್ಲಿ ಗಟ್ಟಿಯಾಗುತ್ತದೆ. ಪ್ಲಂಬರ್ ನನಗೆ ಅದನ್ನು ವಿವರವಾಗಿ ತಿಳಿಸಿದ್ದಾನೆ.

ಪುಣೆಯಿಂದ

ನಾವು ಇಲ್ಲಿ ರವಿವಾರ ಪೇಟೆಯ ಬೊಹ್ರಿ ಆಳಿ ಅನ್ನುವ ಗಲ್ಲಿಯಲ್ಲಿ ಹುಡುಕುತ್ತೇವೆ. ನಿಮಗೆ ಮುಂಬೈಯ ಕ್ರಾಫರ್ಡ್ ಮಾರ್ಕೆಟ್ ಹತ್ತಿರ, ಸಿಎಸ್‌ಎಂಟಿ ರೈಲು ನಿಲ್ದಾಣದಲ್ಲಿ ಇಳಿದು ನಡೆದರಾಯಿತು. ಸುತ್ತಲಿನ ಗಲ್ಲಿಗಳಲ್ಲಿ ಮೇಣ, ಬತ್ತಿ, ಬಣ್ಣ ಕೇಳಿ. ಮಧ್ಯಾಹ್ನವೇ ಹೋಗಿ ಬನ್ನಿ, ಸಂಜೆಯ ಲೋಕಲ್‌ನಲ್ಲಿ 20 ಗಾಜಿನ ಲೋಟ ಹಿಡಿದು ನಿಲ್ಲುವುದು ಬೇಡ.

"ಲೋಟಕ್ಕೆ ಹಾಕುವ ಮೇಣ" ಅಂತ ಬಿಡಿಸಿ ಕೇಳಿ. ಬಾಂದ್ರಾದ ಮೌಂಟ್ ಮೇರಿ ಜಾತ್ರೆಯಲ್ಲಿ ಹರಕೆಗೆ ಮೇಣದ ಕೈ, ಕಾಲು, ಮನೆ ಮಾರುತ್ತಾರಲ್ವಾ? ಅಂಥ ಅಚ್ಚಿನ ಕೆಲಸಕ್ಕೆ ತಾನೇ ನಿಲ್ಲುವ ಗಟ್ಟಿ ಮೇಣ ಬೇಕು. ಲೋಟಕ್ಕೆ ಅದು ಬೇಡ. ಗಟ್ಟಿಯಾಗುವಾಗ ಕುಗ್ಗಿ ಗಾಜು ಬಿಡುತ್ತದೆ, ನಡುವೆ ಹಳ್ಳವೂ ಬೀಳುತ್ತದೆ.

ಸೋಯಾ ಮೇಣ ಹೊಗೆಯೇ ಕಾರುವುದಿಲ್ಲ ಅಂತ ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಬತ್ತಿ ಉದ್ದ ಬಿಟ್ಟರೆ ಯಾವ ಮೇಣವಾದರೂ ಮಸಿ ಹಿಡಿಸುತ್ತದೆ. ಪ್ರತಿ ಸಲ ಹಚ್ಚುವ ಮೊದಲು 5 ಮಿಲಿಮೀಟರ್ ಉಳಿಸಿ ಕತ್ತರಿಸಿ.

ಮಡಗಾಂವಿನಿಂದ

ಅಕ್ಕಾ, ಗುಲಾಬಿ ಎಸಳು ಒಳಗೆ ಬೇಡವೇ ಬೇಡ. ಮೇಣ ಕರಗಿದಾಗ ಎಸಳು ತೇಲಿ ಬತ್ತಿಯ ಹತ್ತಿರ ಬಂದು ತಾನೂ ಇನ್ನೊಂದು ಬತ್ತಿಯ ಹಾಗೆ ಉರಿಯುತ್ತದೆ. ದಾಲ್ಚಿನ್ನಿ, ಒಣ ಕಿತ್ತಳೆ ಚೂರಿಗೂ ಇದೇ ಮಾತು. ಹೊರಗಡೆ ಸೆಣಬಿನ ದಾರದಲ್ಲಿ ಕಟ್ಟಿ, ಅದೂ ಲೋಟದ ಅರ್ಧಕ್ಕಿಂತ ಕೆಳಗೆ.

ಚಿಪ್ಪು ಕಾಣಲೇಬೇಕಿದ್ದರೆ ಜೆಲ್ ಮೇಣ ಮಾಡಿ. ಅದು ಖನಿಜ ಎಣ್ಣೆಯನ್ನು ಪಾಲಿಮರ್ ಸೇರಿಸಿ ಗಟ್ಟಿ ಮಾಡಿದ್ದು, ಗಾಜಿನಷ್ಟೇ ತಿಳಿಯಾಗಿರುತ್ತದೆ. ನಾನು ತಳಕ್ಕೆ ಎರಡು ಬೆರಳು ಮರಳು, ಅದರ ಮೇಲೆ ಚಿಪ್ಪು, ಕವಡೆ ಗಾಜಿಗೆ ಒತ್ತಿ ಜೋಡಿಸುತ್ತೇನೆ. ಬತ್ತಿಯ ಬುಡ ಮರಳಿನ ಮೇಲೇ ನಿಲ್ಲಬೇಕು. ಚಿಪ್ಪನ್ನು ತೊಳೆದು, ಕುದಿಸಿ, ಮೂರ್ನಾಲ್ಕು ದಿನ ಬಿಸಿಲಿಗೆ ಹಾಕಿ. ನನ್ನ ಮೊದಲ ಲೋಟದಲ್ಲಿ ಒಂದು ಶಂಖದೊಳಗೆ ತೇವ ಉಳಿದು ಇಡೀ ಜೆಲ್ ಸೋಡಾ ಬಾಟಲಿಯ ಹಾಗೆ ಗುಳ್ಳೆ ಆಯಿತು! ಜೆಲ್ ಅನ್ನು ಸೋಯಾ ಮೇಣಕ್ಕಿಂತ ಹೆಚ್ಚು ಬಿಸಿ ಇರುವಾಗಲೇ ಸುರಿಯಬೇಕಾಗುತ್ತದೆ, ಆದ್ದರಿಂದ ಗಾಜು ಇನ್ನೂ ದಪ್ಪ ಇರಲಿ. ಪರಿಮಳವೂ ಜೆಲ್‌ಗೆ ಹೊಂದುವಂಥದ್ದೇ ಆಗಬೇಕು.

ಥಾಣೆಯಿಂದ ಮತ್ತೆ

ಎಲ್ಲರಿಗೂ ದೊಡ್ಡ ನಮಸ್ಕಾರ. ಅಳೆದೆ, ಲೋಟದ ಒಳ ಅಗಲ 9 ಸೆಂಟಿಮೀಟರ್! ಸೀಳಿದ್ದರ ಬದಲು ಮನೆಯಲ್ಲಿದ್ದ ಜಾಮ್ ಬಾಟಲಿ ತೆಗೆದುಕೊಂಡರೆ ಆಗುತ್ತದಾ? ಮಾಡಿದ ಮೇಲೆ ಎಷ್ಟು ದಿನ ಬಿಡಬೇಕು?

ಮುಲುಂಡಿನಿಂದ

ಮೇಲೆ ಬಾಯಿ ಕಿರಿದಾದ ಬಾಟಲಿ ಬೇಡ, ಬಿಸಿ ಅಲ್ಲೇ ಕೂರುತ್ತದೆ. ನೆಟ್ಟಗಿನದ್ದು ಆದೀತು. ಸೋಯಾ ಆದರೆ ಎರಡು ವಾರ ಮುಚ್ಚಿಡಿ, ಘಮ ಕೂರುತ್ತದೆ. ಅಂದರೆ ಹಬ್ಬಕ್ಕೆ ಮೂರು ವಾರ ಮುಂಚೆ ಮಾಡಿ. ಮೊದಲು ಒಂದೇ ಒಂದು ಮಾಡಿ ಹಚ್ಚಿ ನೋಡಿ. ಎರಡು ಮೂರು ಗಂಟೆಯಲ್ಲಿ ಕರಗಿದ ಮೇಣ ಅಂಚು ಮುಟ್ಟಿದರೆ ಉಳಿದ 19ಕ್ಕೆ ಕೈ ಹಾಕಿ. ಕೊಡುವಾಗ ಒಂದು ಚೀಟಿ ಕಟ್ಟಿ: ಮೊದಲ ಸಲ ಅಂಚಿನವರೆಗೆ ಕರಗುವ ತನಕ ಆರಿಸಬೇಡಿ, ಒಮ್ಮೆಗೆ 4 ಗಂಟೆಗಿಂತ ಜಾಸ್ತಿ ಉರಿಸಬೇಡಿ, ತಳದಲ್ಲಿ ಒಂದು ಸೆಂಟಿಮೀಟರ್ ಮೇಣ ಉಳಿದಾಗ ನಿಲ್ಲಿಸಿ. ನಿಮ್ಮ ಬಿಲ್ಡಿಂಗಿಗೆ ಮರಾಠಿಯಲ್ಲೂ ಬರೆಯಿರಿ.