ಅಂತರಗಂಗೆ ಮೆಟ್ಟಿಲು ಹತ್ತುವಾಗ ಎದೆ ಬಿಗಿದರೆ: ಡಾಕ್ಟರ್ ಜೊತೆ ಪ್ರಶ್ನೋತ್ತರ (ಕೋಲಾರದ ವಾಕಿಂಗ್ ವಾಟ್ಸಾಪ್ ಗುಂಪು)

ಟೀಚರಮ್ಮ: ನಮಸ್ಕಾರ ಡಾಕ್ಟ್ರೇ. ಹೃದಯದ ತುಂಬ ರಕ್ತ ಇರುತ್ತಲ್ವಾ, ಅದಕ್ಕೇ ರಕ್ತ ಸಾಲದೆ ಹೋಗುವುದು ಹೇಗೆ?

ಡಾಕ್ಟರ್: ಒಳಗಿನ ರಕ್ತ ಹಾದುಹೋಗುತ್ತದೆ ಅಷ್ಟೇ. ಹೃದಯದ ಸ್ನಾಯುವಿಗೆ ರಕ್ತ ಕೊಡುವುದು ಅದರ ಮೈಮೇಲೆ ಹರಡಿರುವ ಕರೋನರಿ ನಾಳಗಳು. ಸುಮ್ಮನೆ ಕೂತಾಗ ನಿಮಿಷಕ್ಕೆ ಸುಮಾರು 250 ಮಿ.ಲೀ., ಜೋರಾಗಿ ಓಡುವಾಗ ನಾಲ್ಕೈದು ಪಟ್ಟು.

ಗೌರಿಪೇಟೆ ಅಂಕಲ್: ವಾಕಿಂಗ್ ಬೆಳಿಗ್ಗೆ ಒಳ್ಳೆಯದಾ, ಸಂಜೆನಾ?

ಡಾಕ್ಟರ್: ನಿಮಗೆ ಯಾವಾಗ ಬಿಡುವೋ ಆಗ.

ಮಂಡಿ ಅಣ್ಣ: ಡಾಕ್ಟ್ರೇ, ನನಗೆ 52. ಟೊಮೆಟೊ ಮಂಡಿಯಲ್ಲಿ ಕೆಲಸ. ಅಂತರಗಂಗೆ ಬೆಟ್ಟದ ಮೆಟ್ಟಿಲು ಅರ್ಧ ಹತ್ತುವಷ್ಟರಲ್ಲಿ ಎದೆ ಹಿಡಿದಂಗೆ ಆಗುತ್ತೆ, ನಿಂತರೆ ಹೋಗುತ್ತೆ. ಮೊದಲು ಮೇಲೆ ಬಸವಣ್ಣನ ವಿಗ್ರಹದ ಹತ್ತಿರ ಹೋದ ಮೇಲೆ ಆಗ್ತಿತ್ತು. ಇಸಿಜಿ ನಾರ್ಮಲ್ ಬಂತು. ಗ್ಯಾಸ್ ಇರಬಹುದಾ?

ಡಾಕ್ಟರ್: ಅಣ್ಣ, ಇದನ್ನು ಗ್ಯಾಸ್ ಅಂತ ಬಿಡಬೇಡಿ. ಬೇರೆ ಸ್ನಾಯುಗಳು ವಿಶ್ರಾಂತಿಯಲ್ಲಿ ರಕ್ತದ ಆಮ್ಲಜನಕದಲ್ಲಿ ಸ್ವಲ್ಪ ತಗೊಂಡು ಉಳಿದದ್ದನ್ನು ವಾಪಸ್ ಬಿಡುತ್ತವೆ. ಹೃದಯ ಕೂತಾಗಲೇ ನೂರಕ್ಕೆ 70ರಿಂದ 80 ಭಾಗ ಹೀರಿಕೊಂಡಿರುತ್ತದೆ. ಹಾಗಾಗಿ ಕೆಲಸ ಜಾಸ್ತಿಯಾದರೆ ಇನ್ನಷ್ಟು ರಕ್ತ ತರಿಸಿಕೊಳ್ಳಲೇಬೇಕು. ಅದಕ್ಕೆ ಅಡಿನೋಸಿನ್, ನೈಟ್ರಿಕ್ ಆಕ್ಸೈಡ್ ಥರದ ವಸ್ತುಗಳು ಅಲ್ಲೇ ಹುಟ್ಟಿ ಸಣ್ಣ ನಾಳಗಳನ್ನು ಹಿಗ್ಗಿಸುತ್ತವೆ. ಹೃದಯದ ಎಡಭಾಗದ ಸ್ನಾಯುವಿಗೆ ರಕ್ತ ಹೆಚ್ಚಾಗಿ ಹರಿಯುವುದು ಹೃದಯ ಸಡಿಲವಾದಾಗ, ಬಡಿತ ಏರಿದಂತೆ ಆ ಬಿಡುವೂ ಕಡಿಮೆಯಾಗುತ್ತದೆ. ದೊಡ್ಡ ನಾಳ ಕಿರಿದಾಗಿದ್ದರೆ ಮುಂದಿನ ಸಣ್ಣ ನಾಳಗಳು ಕೂತಾಗಲೇ ಹಿಗ್ಗಿರುತ್ತವೆ, ಮೆಟ್ಟಿಲು ಹತ್ತುವಾಗ ಇನ್ನೂ ಹಿಗ್ಗೋಣ ಅಂದರೆ ಜಾಗವೇ ಇರುವುದಿಲ್ಲ, ರಕ್ತ ಸಾಲದೆ ಎದೆ ಹಿಡಿಯುತ್ತದೆ. ಸುಮ್ಮನೆ ಮಲಗಿಸಿ ತೆಗೆದ ಇಸಿಜಿಯಲ್ಲಿ ಇದು ಕಾಣದೇ ಇರಬಹುದು. ಮೆಟ್ಟಿಲು ಇವತ್ತಿಂದಲೇ ಬಂದ್. ಕೂತಾಗ ಯಾವತ್ತಾದರೂ ಬಂದಿದೆಯಾ?

ಬಂಗಾರಪೇಟೆ ಬ್ರದರ್: ಬೆಳ್ಳುಳ್ಳಿ, ಶುಂಠಿ, ನಿಂಬೆ ರಸ, ಜೇನು ಕುದಿಸಿ ಕುಡಿದರೆ ಬ್ಲಾಕೇಜ್ ಕರಗುತ್ತೆ. ನಮ್ಮ ಮಾವನಿಗೆ ಕರಗಿದೆ.

ಟೀಚರಮ್ಮ: ಕರಗಿದ್ದನ್ನು ಯಾರು ನೋಡಿದರು? ಆಂಜಿಯೋಗ್ರಾಂ ಮಾಡಿಸಿದ್ರಾ?

ಬಂಗಾರಪೇಟೆ ಬ್ರದರ್: ಎಲ್ಲದಕ್ಕೂ ಆಸ್ಪತ್ರೆಗೆ ದುಡ್ಡು ಸುರಿಯಬೇಕಾ ಮೇಡಂ? ನಮ್ಮ ಹಿರಿಯರು ದಡ್ಡರಾ?

ಟೀಚರಮ್ಮ: ಹಿರಿಯರನ್ನು ಯಾಕೆ ಎಳೀತೀರಿ? ಫಾರ್ವರ್ಡ್ ಬಂದಿದ್ದು ಎಲ್ಲಿಂದ ಅಂತ ಹೇಳಿ.

ಡಾಕ್ಟರ್: ಬೆಳ್ಳುಳ್ಳಿ ಸಾರಿಗೆ ಹಾಕಿ, ತಿನ್ನಿ. ಕಟ್ಟಿದ ನಾಳವನ್ನು ಆ ರಸ ತೆರೆಯುವುದಿಲ್ಲ. ಎದೆ ನೋವಿದ್ದವರು ಅದನ್ನು ಕುಡಿಯುತ್ತಾ ಕಾದರೆ ಜೀವ ಹೋಗಬಹುದು. ಹಾರ್ಟ್ ಅಟ್ಯಾಕ್ ಆದಾಗ ಜೋರಾಗಿ ಕೆಮ್ಮಿ ಅನ್ನುವ ಫಾರ್ವರ್ಡ್ ಕೂಡ ಇಲ್ಲಿ ಹಾಕಬೇಡಿ, ಮೂರನೇ ಸಲ ಹೇಳ್ತಿದ್ದೀನಿ.

ಮುಳಬಾಗಿಲು ಅಕ್ಕ: ಹೊಳೆಮತ್ತಿ (ಅರ್ಜುನ ಮರ) ಚೆಕ್ಕೆ ಕಷಾಯ ಕುಡಿಯಬಹುದಾ ಸರ್?

ಗೌರಿಪೇಟೆ ಅಂಕಲ್: ಬೆಳಿಗ್ಗೆನಾ ಸಂಜೆನಾ, ಸರಿಯಾಗಿ ಹೇಳಿ ಡಾಕ್ಟ್ರೇ.

ಡಾಕ್ಟರ್: ಮೇಲೆ ಹೇಳಿದ್ದೀನಿ, ಓದಿ. ಮಂಡಿ ಅಣ್ಣ ಎಲ್ಲಿ? ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ.

ಮಂಡಿ ಅಣ್ಣ: ನಿನ್ನೆ ರಾತ್ರಿ ಊಟ ಆಗಿ ಕೂತಿದ್ದಾಗ ಬಂತು. ಈಗಲೂ ಸ್ವಲ್ಪ ಇದೆ, ಎಡಗೈ ಭಾರ. ಬೈಕಲ್ಲೇ ಆಸ್ಪತ್ರೆಗೆ ಹೋಗ್ಲಾ?

ಡಾಕ್ಟರ್: ಬೈಕ್ ಮುಟ್ಟಬೇಡಿ. 108ಕ್ಕೆ ಈಗಲೇ ಫೋನ್ ಮಾಡಿ. ಕೂತುಕೊಳ್ಳಿ, ನಡೆಯಬೇಡಿ. ಮನೆಯವರ ಕೈಗೆ ಮೊಬೈಲ್ ಕೊಡಿ, ನಾನು ಕಾಲ್ ಮಾಡ್ತಿದ್ದೀನಿ. ಉಳಿದವರು ಯಾರೂ ಏನೂ ಹಾಕಬೇಡಿ.