ಪದಚರ್ಚೆ: ಅಲುಗದ ಸ್ಪಾರ್ಕ್ ಪ್ಲಗ್‌ಗೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ

ಮಾನ್ಯರೇ,

ಮನೆಯಲ್ಲೇ ಕಾರು ದುರಸ್ತಿ ಮಾಡಿಕೊಳ್ಳುವವರ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಒಂದು ಅಧ್ಯಾಯದ ತಲೆಬರಹವೇ ಇನ್ನೂ ಕೂತಿಲ್ಲ. ಬಹುಕಾಲ ಮುಟ್ಟದೆ ಬಿಟ್ಟ ಸ್ಪಾರ್ಕ್ ಪ್ಲಗ್ ಎಂಜಿನ್ನಿನಲ್ಲಿ ಅಲುಗದಂತೆ ನಿಂತುಬಿಡುತ್ತದೆಯಲ್ಲ, ಗ್ಯಾರೇಜುಗಳಲ್ಲಿ ‘ಸೀಜ್ ಆಗಿದೆ’ ಎನ್ನುವ ಆ ಸ್ಥಿತಿಗೆ ಪದ ಬೇಕು.

ಮೊದಲು ‘ಸಿಲುಕಿದ ಪ್ಲಗ್’ ಎಂದು ಬರೆದೆ. ಆದರೆ ಸಿಲುಕುವುದು ದಾರಿ ಇಲ್ಲದ್ದು: ಬಲೆಯಲ್ಲಿ ಮೀನು, ಗಂಟಲಲ್ಲಿ ಮುಳ್ಳು. ಪ್ಲಗ್‌ಗೆ ದಾರಿ ಇದೆ, ಹೋದ ಸುತ್ತುಗಳಲ್ಲೇ ಹಿಂದಿರುಗಬೇಕು, ಬರುತ್ತಿಲ್ಲ ಅಷ್ಟೇ. ‘ಬಿಗಿಯಾದ’ ಎಂದರೆ ಯಾರೋ ಹೆಚ್ಚು ಬಿಗಿದಿದ್ದಾರೆ ಎಂದಾಗುತ್ತದೆ. ‘ತುಕ್ಕು ಹಿಡಿದ’ ಎಂದರೆ ಕಾರಣ ಹೇಳಿದಂತಾಯಿತು, ಸ್ಥಿತಿಯನ್ನಲ್ಲ. ಜೊತೆಗೆ ಕ್ರಿಯಾಪದವೂ ತೊಡಕಾಗಿದೆ: ಕೀಳುವುದೇ, ತೆಗೆಯುವುದೇ, ಕಳಚುವುದೇ, ಬಿಚ್ಚುವುದೇ? ದಯವಿಟ್ಟು ಬೇಗ ತಿಳಿಸಿ.

ಮೊದಲ ಉತ್ತರ

‘ಜಾಮ್ ಆದ ಪ್ಲಗ್.’ ಓದುವವನಿಗೆ ಬೇಕಿರುವುದು ದುರಸ್ತಿ, ಭಾಷಾಶಾಸ್ತ್ರವಲ್ಲ. ಇದಕ್ಕೆ ಚರ್ಚೆ ಅನಗತ್ಯ.

ಎರಡನೆಯ ಉತ್ತರ

ಚರ್ಚೆ ಅಗತ್ಯ. ‘ಜಾಮ್’ ಎನ್ನುವುದು ಆಲಸ್ಯ. ಅದಕ್ಕೂ ಮೊದಲು ‘ಸ್ಪಾರ್ಕ್ ಪ್ಲಗ್’ ಏಕೆ? ಕಿಡಿ ನಮ್ಮಲ್ಲಿದೆ, ಬೆಣೆ ನಮ್ಮಲ್ಲಿದೆ: ‘ಕಿಡಿಬೆಣೆ’ ಎನ್ನಿ. ಕ್ರಿಯಾಪದವನ್ನೂ ಹುಡುಕಬೇಕಾಗಿಲ್ಲ. ಹಳಗನ್ನಡದ ‘ಕೞಲ್’ ಎಂದರೆ ಸಡಿಲವಾಗಿ ಜಾರುವುದು. ಅದಕ್ಕೆ ‘ಚು’ ಸೇರಿ ಕೞಲ್ಚು, ಅದೇ ಇಂದಿನ ಕಳಚು. ತಾನಾಗಿ ಆಗುವುದಕ್ಕೆ ಕಳಲು, ನಾವು ಮಾಡುವುದಕ್ಕೆ ಕಳಚು. ಹಾಗಾಗಿ ‘ಕಳಲದ ಕಿಡಿಬೆಣೆಯನ್ನು ಕಳಚುವುದು’. ಇಷ್ಟು ಸೊಗಸಾದ ಜೋಡಿಯನ್ನು ಬಿಟ್ಟು ‘ಸೀಜ್’ ಹಿಂದೆ ಓಡುವುದು ನೋವಿನ ಸಂಗತಿ.

ಮೂರನೆಯ ಉತ್ತರ

ಕಳಲು–ಕಳಚು ವಿವರಣೆ ಸರಿ, ಸಲಹೆ ಸರಿಯಿಲ್ಲ. ‘ಕಳಲದ’ ಎಂಬುದನ್ನು ಇಂದಿನ ಓದುಗ ಅಚ್ಚಿನ ತಪ್ಪೆಂದು ಭಾವಿಸುತ್ತಾನೆ. ‘ಬೆಣೆ’ಯಂತೂ ಅಪಾಯಕಾರಿ. ಬೆಣೆಯನ್ನು ಬಡಿದು ಕೂರಿಸುತ್ತಾರೆ, ಬಡಿದೇ ತೆಗೆಯುತ್ತಾರೆ. ಸ್ಪಾರ್ಕ್ ಪ್ಲಗ್ ತಿರುಪು, ಅದರೊಳಗೆ ಪಿಂಗಾಣಿ ಇದೆ. ನಿಮ್ಮ ಪದವನ್ನು ನಂಬಿದವನು ಸುತ್ತಿಗೆ ಎತ್ತಿಕೊಂಡರೆ ಹೊಣೆ ಯಾರದು? ಕನ್ನಡದ ಪದವೇ ಬೇಕೆಂದರೆ ‘ಬಿರಡೆ’ ಇದೆ: ಸೀಸೆಯ ಬಾಯಿ ಮುಚ್ಚುತ್ತದೆ, ವೀಣೆಯಲ್ಲಿ ತಿರುಗುತ್ತದೆ.

ಕೇಳಿದ ಪದಕ್ಕೆ ಬರುತ್ತೇನೆ. ಅದು ‘ಕಚ್ಚಿಕೊಂಡ’. ಪೆರ್ಚು ಹೆಚ್ಚು ಆದಂತೆ ಹಳಗನ್ನಡದ ಕರ್ಚು ಕಚ್ಚು ಆಯಿತು, ಅಂದಿನಿಂದ ಅದು ಹಲ್ಲಿನ ಕೆಲಸಕ್ಕೇ ಸೀಮಿತವಾಗಿ ಉಳಿದಿಲ್ಲ. ಬೆಳೆ ನೆಲಕಚ್ಚುತ್ತದೆ, ಹೂವು ಕಾಯಿ ಕಚ್ಚುತ್ತದೆ, ಜಿಗಣೆ ಕಚ್ಚಿಕೊಳ್ಳುತ್ತದೆ. ಎರಡು ವಸ್ತುಗಳು ಒಂದರೊಳಗೊಂದು ಹಿಡಿದು ಬಿಡದಿರುವುದೇ ಇದರ ತಿರುಳು.

ನನ್ನ ಕಾರಿನ ಒಂದು ಪ್ಲಗ್ ಹೀಗೇ ಆಗಿತ್ತು. ಕಾಲು ಸುತ್ತು ತಿರುಗಿ ಕಿರ್ರೆಂದು ನಿಂತಿತು. ಬಲ ಹಾಕದೆ ಅದನ್ನು ತುಸು ಒಳಕ್ಕೇ ತಿರುಗಿಸಿ, ಬುಡಕ್ಕೆ ಸಂದಿಗಿಳಿಯುವ ತೆಳು ಎಣ್ಣೆ ಬಿಟ್ಟು, ರಾತ್ರಿಯೆಲ್ಲ ಹಾಗೇ ಇಟ್ಟೆ. ಬೆಳಿಗ್ಗೆ ಸ್ವಲ್ಪ ಹೊರಕ್ಕೆ, ಸ್ವಲ್ಪ ಒಳಕ್ಕೆ, ಮತ್ತೆ ಸ್ವಲ್ಪ ಹೊರಕ್ಕೆ. ಕೊನೆಗೆ ಕೈಗೆ ಬಂದಾಗ ನೋಡುತ್ತೇನೆ, ಕೆಳಗಿನ ಎರಡು ಮೂರು ಸುತ್ತುಗಳಲ್ಲಿ ಮಸಿ ಕಲ್ಲಿನಂತೆ ಕೂತಿದೆ, ಮೇಲಿನವುಗಳಲ್ಲಿ ಬಿಳಿಯ ಹಿಟ್ಟು. ತುಕ್ಕಿನ ಕೆಂಪು ಎಲ್ಲೂ ಇರಲಿಲ್ಲ.

ಪದದ ಪ್ರಶ್ನೆಗೆ ಇದೇ ಮುಖ್ಯ. ಪ್ಲಗ್‌ನ ಸುತ್ತು ಉಕ್ಕಿನದು, ಅದು ಕೂರುವ ತೂತು ಈಗಿನ ಹೆಚ್ಚಿನ ಎಂಜಿನ್‌ಗಳಲ್ಲಿ ಅಲ್ಯೂಮಿನಿಯಂನದು. ಎರಡು ಲೋಹಗಳ ನಡುವೆ ತೇವ ಸೇರಿದರೆ ಸವೆಯುವುದು ಅಲ್ಯೂಮಿನಿಯಂ. ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗೆ ಕಿಲುಬು ಎನ್ನುವ ನಮಗೆ ಅಲ್ಯೂಮಿನಿಯಂನ ಈ ಬಿಳಿ ಹಿಟ್ಟಿಗೆ ಅಂಥ ಹೆಸರಿಲ್ಲ. ಆದ್ದರಿಂದ ‘ತುಕ್ಕು ಹಿಡಿದ’ ಎಂಬುದನ್ನು ನೀವು ಬಿಟ್ಟದ್ದು ಇನ್ನೊಂದು ಕಾರಣಕ್ಕೂ ಸರಿ. ‘ಕಚ್ಚಿಕೊಂಡ’ ಎನ್ನುವಾಗ ಮಸಿಯೋ ಹಿಟ್ಟೋ ಎಂದು ಹೇಳುವ ಹಂಗಿಲ್ಲ.

ಕ್ರಿಯಾಪದ ‘ಬಿಚ್ಚು’. ಕೀಳುವುದು ಹಲ್ಲನ್ನು, ಮೊಳೆಯನ್ನು. ನಟ್ಟು ಬೋಲ್ಟನ್ನು ಬಿಚ್ಚುತ್ತಾರೆ. ಒಳಪುಟಗಳಲ್ಲಿ ‘ತಿರುಚಿ’ ಎಂದು ಎಲ್ಲಿಯೂ ಬರೆಯಬೇಡಿ. ತಿರುಗಿಸಿದರೆ ಪ್ಲಗ್ ಬರುತ್ತದೆ, ತಿರುಚಿದರೆ ಮುರಿದು ಅರ್ಧ ಒಳಗೇ ಉಳಿಯುತ್ತದೆ.

ಇನ್ನು ಎರವಲಿನ ಮಾತು. ಪೋರ್ಚುಗೀಸರಿಂದ ಚಾವಿ, ಪಗಾರ, ಅಲಮಾರು ಬಂದವು, ಕನ್ನಡ ಕೆಡಲಿಲ್ಲ. ವಸ್ತುವಿನೊಂದಿಗೆ ಅದರ ಹೆಸರೂ ಬರಲಿ. ಆ ವಸ್ತುವಿಗೆ ಏನಾಯಿತು, ಅದನ್ನು ಏನು ಮಾಡಬೇಕು ಎಂಬುದು ಮಾತ್ರ ಕನ್ನಡದಲ್ಲಿರಲಿ. ‘ಪ್ಲಗ್’ ನನ್ನನ್ನು ಬಾಧಿಸುವುದಿಲ್ಲ, ‘ಜಾಮ್ ಆಗು’ ಬಾಧಿಸುತ್ತದೆ. ಸಿಲುಕು, ಬಿಗಿ, ಕಚ್ಚು, ಅಂಟು, ಹಿಡಿ ಎಂದು ನಾವು ಬೇರೆ ಬೇರೆ ಮಾಡಿಟ್ಟುಕೊಂಡ ಐದನ್ನೂ ಅದೊಂದೇ ನುಂಗುತ್ತದೆ.

ಎರಡನೆಯವರಿಂದ ಮತ್ತೆ

ಬಿರಡೆಯನ್ನು ಒಪ್ಪುತ್ತೇನೆ, ಬೆಣೆಯನ್ನು ಹಿಂತೆಗೆದುಕೊಂಡಿದ್ದೇನೆ. ತತ್ತ್ವವನ್ನು ಒಪ್ಪುವುದಿಲ್ಲ. ಹೆಸರುಗಳಿಗೆ ಬಾಗಿಲು ತೆರೆದರೆ ಕ್ರಿಯೆಗಳು ಹಿಂದೆಯೇ ಬರುತ್ತವೆ. ‘ನಟ್’ ಬಂತು, ಅದರ ಜೊತೆಗೇ ‘ಟೈಟ್ ಮಾಡು’, ‘ಲೂಸ್ ಮಾಡು’ ಬಂದವು. ಬಿಗಿ, ಸಡಿಲ ಎಂಬ ಮಾತುಗಳನ್ನು ಕೆಲಸದ ಜಾಗದಲ್ಲಿ ಕೊನೆಯ ಸಲ ಕೇಳಿದ್ದು ಯಾವಾಗ, ಹೇಳಿ.

ಮೂರನೆಯವರಿಂದ

ಹಾಗಾದರೆ ಆ ಎರಡು ಪದಗಳನ್ನು ಈ ಕೈಪಿಡಿಯಲ್ಲೇ ಮತ್ತೆ ಬಳಕೆಗೆ ತರೋಣ. ಅದಕ್ಕಾಗಿ ಪ್ಲಗ್‌ನ ಹೆಸರು ಬದಲಿಸಬೇಕಾಗಿಲ್ಲ. ಚಾವಿ ಬಂದ ಮೇಲೂ ‘ಬೀಗದ ಕೈ’ ಇಂದಿಗೂ ಬದುಕಿದೆ.

ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ತಲೆಬರಹ ಹೀಗೆ ಹೋಗುತ್ತಿದೆ: ‘ಕಚ್ಚಿಕೊಂಡ ಸ್ಪಾರ್ಕ್ ಪ್ಲಗ್ ಬಿಚ್ಚುವುದು’. ಹುಡುಕಿ ನೋಡಿದಾಗ ಒಳಗೆ ‘ತಿರುಚಿ’ ನಾಲ್ಕು ಕಡೆ ಇತ್ತು, ನಾಲ್ಕನ್ನೂ ‘ತಿರುಗಿಸಿ’ ಎಂದು ಬದಲಿಸಿದೆ. ‘ಟೈಟ್’, ‘ಲೂಸ್’ ಇದ್ದಲ್ಲೆಲ್ಲ ಬಿಗಿ, ಸಡಿಲ ಬಂದಿವೆ. ಬಿರಡೆ ನನಗೂ ಇಷ್ಟವಾಯಿತು, ಆದರೆ ಅಂಗಡಿಯಲ್ಲಿ ಕೇಳುವವನು ಪ್ಲಗ್ ಎಂದೇ ಕೇಳಬೇಕಲ್ಲ, ಹಾಗಾಗಿ ಅದನ್ನು ಉಳಿಸಿಕೊಂಡೆ.

ಇನ್ನೊಂದು ಬಾಕಿ ಇದೆ. ಸ್ಪ್ಯಾನರ್ ಜಾರಿ ಜಾರಿ ಬೋಲ್ಟಿನ ಆರು ಮೂಲೆಗಳೂ ಸವೆದು ತಲೆ ದುಂಡಗಾಗಿಬಿಡುತ್ತದೆ. ಸದ್ಯಕ್ಕೆ ‘ಮೂಲೆ ಸವೆದ ಬೋಲ್ಟ್’ ಎಂದು ಬರೆದಿದ್ದೇನೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ನಾಳೆ ಮಧ್ಯಾಹ್ನದೊಳಗೆ ತಿಳಿಸಿ.