ಸೆಪ್ಟೆಂಬರ್ 30ರ ಕಿತ್ತಳೆ ಶರ್ಟ್: ಮಗನಿಗೆ ಏನಂತ ಹೇಳಲಿ?

ಕಿಚನರ್ ಅಮ್ಮ
ಕೆನಡಾಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಮಗ ಎರಡನೇ ಕ್ಲಾಸು. 30ಕ್ಕೆ ಕಿತ್ತಳೆ ಬಣ್ಣದ ಶರ್ಟ್ ಹಾಕಿ ಕಳಿಸಿ ಅಂತ ಸ್ಕೂಲಿಂದ ಚೀಟಿ ಬಂದಿದೆ. ಇಲ್ಲಿನ ಮೂಲನಿವಾಸಿ ಮಕ್ಕಳನ್ನು ಅಪ್ಪ ಅಮ್ಮನಿಂದ ಕಿತ್ತು ಹಾಸ್ಟೆಲ್ ಶಾಲೆಗಳಿಗೆ ಹಾಕುತ್ತಿದ್ದರಂತೆ. ಏಳು ವರ್ಷದವನಿಗೆ ಇದನ್ನೆಲ್ಲ ಎಷ್ಟು ಹೇಳೋದು? ಮೊದಲೇ ಪುಕ್ಕಲ.

ಪೀಣ್ಯ ಟು ಬ್ರ್ಯಾಂಪ್ಟನ್
ಸುಮ್ನೆ ಹಾಕಿ ಕಳಿಸಿ ಮೇಡಂ. 2008ರಲ್ಲೇ ಪ್ರಧಾನಿ ಸಂಸತ್ತಲ್ಲಿ ಕ್ಷಮೆ ಕೇಳಿದ್ರು, ಪರಿಹಾರವನ್ನೂ ಕೊಟ್ಟರು. ನಿನ್ನೆ ಮೊನ್ನೆ ಬಂದ ನಮಗೂ ಅದಕ್ಕೂ ಏನು ಸಂಬಂಧ?

ಬ್ರ್ಯಾಂಟ್‌ಫರ್ಡ್ ತಾತ
ಶರ್ಟಿನ ಕಥೆಯನ್ನೇ ಹೇಳಮ್ಮ, ಅವನ ವಯಸ್ಸಿಗೆ ಸಾಕು. 1973ರಲ್ಲಿ ಬ್ರಿಟಿಷ್ ಕೊಲಂಬಿಯಾದ ಫಿಲಿಸ್ ವೆಬ್‌ಸ್ಟಾಡ್ ಎಂಬ ಆರು ವರ್ಷದ ಹುಡುಗಿಗೆ ಅಜ್ಜಿ ಹೊಸ ಕಿತ್ತಳೆ ಶರ್ಟ್ ಕೊಡಿಸಿದ್ದರು. ಅಂಥ ಹಾಸ್ಟೆಲ್ ಶಾಲೆಯ ಮೊದಲ ದಿನವೇ ಅದನ್ನು ಕಿತ್ತುಕೊಂಡರು. ಮತ್ತೆ ಕೊಡಲೇ ಇಲ್ಲ.

ನಮ್ಮೂರಲ್ಲೂ ಅಂಥ ಶಾಲೆ ಇತ್ತು, ಮೊಹಾಕ್ ಇನ್‌ಸ್ಟಿಟ್ಯೂಟ್. 1970ರಲ್ಲಿ ಮುಚ್ಚಿತು. ತೋಟದ ತುಂಬ ಸೇಬು, ಆದರೆ ಮಕ್ಕಳು ಕಿತ್ತು ತಿಂದರೆ ಏಟು. ತಟ್ಟೆಗೆ ದಿನಾ ಅದೇ ಓಟ್ಸ್ ಗಂಜಿ. ಹಿಂಬದಿಯ ಇಟ್ಟಿಗೆಗಳ ಮೇಲೆ ಮಕ್ಕಳು ಕೆರೆದ ಹೆಸರುಗಳು ಇವತ್ತಿಗೂ ಇವೆ. ನಾನು ಕೈಯಾಡಿಸಿ ನೋಡಿದ್ದೀನಿ, ಕೆಲವು ನನ್ನ ಸೊಂಟದ ಎತ್ತರಕ್ಕೂ ಬರಲ್ಲ. ಕಟ್ಟಡ ಕೆಡವೋದಾ ಬೇಡ್ವಾ ಅಂತ ಕೇಳಿದಾಗ ಸಿಕ್ಸ್ ನೇಷನ್ಸ್, ಅಂದರೆ ಇಲ್ಲಿನ ಆರು ಮೂಲನಿವಾಸಿ ಜನಾಂಗಗಳ ಒಕ್ಕೂಟದ ಜನ, ಉಳಿಸಿ ಅಂದರು. ಸಾಕ್ಷಿ ಬೇಕಲ್ವಾ?

ಪೀಣ್ಯದವರೇ, ಸಂಬಂಧ ಕೇಳಿದ್ರಲ್ಲ. 1784ರಲ್ಲಿ ಗ್ರ್ಯಾಂಡ್ ನದಿಯ ಎರಡೂ ಬದಿ ಆರಾರು ಮೈಲಿ ಜಾಗ ಸಿಕ್ಸ್ ನೇಷನ್ಸ್‌ಗೆ ಅಂತ ಬ್ರಿಟಿಷರು ಬರೆದುಕೊಟ್ಟಿದ್ದರು. ಈ ಅಮ್ಮ ಇರೋ ಕಿಚನರ್ ಆ ಜಾಗದೊಳಗೇ ಬರುತ್ತೆ. ಇನ್ನು ನೀವು ಪೌರತ್ವ ತಗೊಳ್ಳೋವಾಗ ಹೇಳೋ ಪ್ರಮಾಣವಚನ. ಅದರಲ್ಲಿ 2021ರಿಂದ ಮೂಲನಿವಾಸಿಗಳ ಹಕ್ಕು, ಅವರ ಜೊತೆಗಿನ ಒಪ್ಪಂದದ ಹಕ್ಕು ಎರಡೂ ಸೇರಿವೆ. ಈ ಶಾಲೆಗಳ ಬಗ್ಗೆ ವಿಚಾರಣೆ ಮಾಡಿದ ಸತ್ಯ ಮತ್ತು ಸಂಧಾನ ಆಯೋಗದ 94 ಶಿಫಾರಸುಗಳಲ್ಲಿ ಕೊನೆಯದು ಅದೇ. ಬಾಯಲ್ಲಿ ಹೇಳಿದ ಮೇಲೆ ಸಂಬಂಧ ಇಲ್ಲ ಅನ್ನೋಕಾಗಲ್ಲ.

ಪೀಣ್ಯ ಟು ಬ್ರ್ಯಾಂಪ್ಟನ್
ಪ್ರಮಾಣವಚನದ್ದು ಗೊತ್ತಿರಲಿಲ್ಲ ಸರ್. ಆದ್ರೂ ಒಂದು ದಿನ ಬಣ್ಣದ ಶರ್ಟ್ ಹಾಕಿದ್ರೆ ಏನಾಗುತ್ತೆ ಅನ್ನೋದು ನನ್ನ ಪ್ರಶ್ನೆ.

ಬ್ರ್ಯಾಂಟ್‌ಫರ್ಡ್ ತಾತ
ಅದು ಸರಿಯಾದ ಪ್ರಶ್ನೆ. ಬರೀ ಶರ್ಟಿಂದ ಏನೂ ಆಗಲ್ಲ.

ಕಿಚನರ್ ಅಮ್ಮ
ಥ್ಯಾಂಕ್ಸ್ ಅಂಕಲ್. ಆ ಕಟ್ಟಡಕ್ಕೆ ಇವನನ್ನು ಕರ್ಕೊಂಡು ಬರಬಹುದಾ?

ಬ್ರ್ಯಾಂಟ್‌ಫರ್ಡ್ ತಾತ
ಈಗಲೇ ಬೇಡ. ಮೊದಲು ಅಪ್ಪ ಅಮ್ಮ ನೀವಿಬ್ಬರೇ ನೋಡಿ ಬನ್ನಿ. ಅವನನ್ನು ಜುಲೈ ಕೊನೆಗೆ ಸಿಕ್ಸ್ ನೇಷನ್ಸ್‌ನ ಪೌವೌಗೆ, ಅಂದರೆ ಅವರ ಹಾಡು ಕುಣಿತದ ಹಬ್ಬಕ್ಕೆ, ಕರ್ಕೊಂಡು ಬನ್ನಿ. ಇವನ ವಾರಿಗೆಯ ಮಕ್ಕಳು ಗೆಜ್ಜೆ ಕಟ್ಟಿ ಕುಣಿಯೋದನ್ನೂ ನೋಡಲಿ, ಬರೀ ಅಳುವಿನ ಕಥೆ ಯಾಕೆ? ಬಿಸಿಲು ಜಾಸ್ತಿ, ಟೋಪಿ ಇರಲಿ. ಫೋಟೋ ತೆಗೆಯೋ ಮುಂಚೆ ಕೇಳಿ.